ಕಲಕದ ಮಾತು

"ಅದ್ಭುತ!" ಎಂದರು ನಮ್ಮ ಪ್ರೊಫೆಸರ್. ಒಂದು ಹುಡುಗಿಯ ಮುಖದ ಮೇಲೆ ಎರಡು ಸಾವಿರ ಜನ ಉಗಿದದ್ದನ್ನು ಪರದೆಯಲ್ಲಿ ಸರಿಸುತ್ತಾ, ಚಹಾ ಹೀರುತ್ತಾ ಅಂದ ಮಾತು ಅದು. "ಇಂಥ ಡೇಟಾ ಹುಡುಕಿದ್ರೂ ಸಿಗಲ್ಲ ಕಣಮ್ಮ. ಅಳಿಸಿ ಹಾಕೋದ್ರೊಳಗೆ ಎಲ್ಲಾ ಇಳಿಸ್ಕೊಂಡ್ಬಿಡು."

ನನಗೆ ಕೋಪ ನೆತ್ತಿಗೇರಿತು. ಅವರ ಮೇಲೆ ಅರ್ಧ, ನನ್ನ ಮೇಲೆ ಅರ್ಧ. ಯಾಕೆಂದರೆ ಆ ಹುಡುಗಿಯನ್ನು ಈ ಗುಂಪಿನ ಬಾಯಿಗೆ ಎಸೆದವಳು ನಾನು.

ನಮ್ಮದು ಮನಶ್ಶಾಸ್ತ್ರದ ಕೆಲಸ. ಜನ ಫೋನಿನಲ್ಲಿ ತಮ್ಮ ಮುಖವನ್ನು ಹೇಗೆ ಅಳೆದುಕೊಳ್ಳುತ್ತಾರೆ, ಯಾರಿಗೋ ಅಭಿಮಾನಿಯಾದಾಗ ಆ ಅಳತೆ ಹೇಗೆ ಬದಲಾಗುತ್ತದೆ ಎನ್ನುವುದು ನನ್ನ ವಿಷಯ. ಎರಡು ವರ್ಷದಿಂದ ಒಬ್ಬ ಹಾಡುಗಾರನ ಆನ್‌ಲೈನ್ ಅಭಿಮಾನಿ ಗುಂಪಿನೊಳಗೆ ಕೂತಿದ್ದೇನೆ. ಗುಂಪು ನಡೆಸುವವರ ಒಪ್ಪಿಗೆಯಿದೆ. ಮೂವತ್ತು ಸಾವಿರ ಜನ, ಎಲ್ಲರಿಗೂ ಅವನು 'ಅಣ್ಣ'. ನಾನು ನೋಡಬೇಕು, ಬರೆದುಕೊಳ್ಳಬೇಕು, ಬಾಯಿ ಮಾತ್ರ ತೆರೆಯಬಾರದು.

ಹೊರಗಿನವರಿಗೆ ಗೊತ್ತಿಲ್ಲದ ಒಂದು ಕೆಲಸ ನಮ್ಮಲ್ಲಿದೆ. ವರದಿಯಲ್ಲಿ ಹೆಸರು ತೆಗೆದರೆ ಸಾಲದು. ಬರೆದ ಸಾಲು ಹಾಗೆಯೇ ಅಚ್ಚಾದರೆ, ಯಾರು ಬೇಕಾದರೂ ಅದನ್ನು ಹುಡುಕಿ ಬರೆದವರ ಕೊರಳಪಟ್ಟಿ ಹಿಡಿಯಬಹುದು. ಅದಕ್ಕೇ ಪ್ರತಿ ಸಾಲನ್ನೂ ಅರ್ಥ ಉಳಿಸಿ ಬೇರೆ ಮಾತಿನಲ್ಲಿ ಬರೆಯುತ್ತೇವೆ. 'ಕಲಕುವುದು' ಎನ್ನುತ್ತೇವೆ ಅದಕ್ಕೆ. ಈ ಸಲದ ವರದಿಯಲ್ಲಿ ನಲವತ್ತೊಂದು ಸಾಲುಗಳಿದ್ದವು. ನಲವತ್ತನ್ನು ಕಲಕಿದೆ.

ಉಳಿದದ್ದು ಆ ಹುಡುಗಿ ಬರೆದ ಈ ಸಾಲು: "ನಮ್ಮಣ್ಣನೂ ಕನ್ನಡಿಗೆ ಹೆದರ್ತಾನೆ, ಫೋಟೋ ನೋಡಿದ್ರೆ ಗೊತ್ತಾಗುತ್ತೆ. ಅದಕ್ಕೇ ಅವನು ನಮ್ಮವನು." ಮೂರು ಸಲ ಕಲಕಿದೆ, ಮೂರು ಸಲವೂ ಸಪ್ಪೆಯಾಯಿತು. ಪ್ರೊಫೆಸರ್ ನೋಡಿ, "ಇದೇ ಇರ್ಲಿ, ಮುಟ್ಬೇಡ" ಎಂದರು. ಅವರು ಅಂದದ್ದು ನಿಜ, ಆದರೆ ಕೈ ನನ್ನದು. ಅಷ್ಟು ಚೆಂದದ ಮಾತು ನನ್ನ ಪುಟದಲ್ಲಿ ಇರಲಿ ಅನ್ನುವ ಆಸೆ ನನ್ನದೇ.

ಒಂದು ಪತ್ರಿಕೆ ಅದನ್ನೆತ್ತಿ, ಅಣ್ಣನ ಮುಖದ ಮೇಲೆ ಅಭಿಮಾನಿಗಳಿಗೇ ನಂಬಿಕೆಯಿಲ್ಲ ಎಂದು ಬರೆಯಿತು. ಗುಂಪಿನಲ್ಲಿ ಯಾರೋ ಆ ಸಾಲನ್ನು ಹುಡುಕಿದರು. ನಾಲ್ಕು ತಿಂಗಳ ಹಿಂದೆ ಹನ್ನೊಂದು ಜನ ಮೆಚ್ಚಿ ಮರೆತಿದ್ದ ಮಾತು ದ್ರೋಹವಾಯಿತು. "ಅಣ್ಣನ ಮುಖದ ಬಗ್ಗೆ ಮಾತಾಡೋ ಮುಖ ನೋಡ್ರಪ್ಪಾ!" ಎಂದು ಅವಳ ಫೋಟೋ ಹಾಕಿದರು. ಉಬ್ಬುಹಲ್ಲು, ಕೆನ್ನೆಯ ಕಲೆ, ಒಂದನ್ನೂ ಬಿಡಲಿಲ್ಲ. ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿ ಪತ್ತೆಯಾಯಿತು. ಗಿರಾಕಿಗಳ ಹಾಗೆ ಹೋಗಿ ಅವಳ ಮುಖಕ್ಕೆ ಫೋನು ಹಿಡಿಯತೊಡಗಿದರು.

"ಸರ್, ನಾನು ಗುಂಪಲ್ಲಿ ನಿಜ ಹೇಳ್ತೀನಿ," ಎಂದೆ.

"ಹುಚ್ಚಾ ನಿಂಗೆ? ನೀನು ಬಾಯಿ ಬಿಟ್ರೆ ಎರಡು ವರ್ಷದ ಕೆಲಸ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ. ಆಮೇಲೆ ಈ ಪ್ರಾಜೆಕ್ಟಲ್ಲಿ ನಿಂಗೆ ಜಾಗ ಇಲ್ಲ."

"ದಾರಿ ತೋರಿಸಿದೋರು ನಾವು ಸರ್."

"ಬರೆದೋಳು ಅವಳು."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಗಟ್ಟಿಯಾಗಿಯೇ ಅಂದು ಎದ್ದೆ. ಬಾಗಿಲನ್ನು ಬಡಿದು ಹೋಗೋಣವೆಂದರೆ ಅದು ತಾನೇ ಮೆಲ್ಲಗೆ ಮುಚ್ಚಿಕೊಳ್ಳುವ ಬಾಗಿಲು. ಹಾಳಾದ್ದು, ಸಿಟ್ಟು ತೀರಿಸಿಕೊಳ್ಳಲೂ ಬಿಡಲಿಲ್ಲ.

ಅವಳ ಅಂಗಡಿಗೆ ಹೋಗುವ ಬಸ್ಸಿನಲ್ಲಿ ಒಂದೂವರೆ ಪುಟದ ಕ್ಷಮಾಪಣೆ ಬರೆದೆ. ಅಂಗಡಿಯ ಮೂರು ಗೋಡೆಗೂ ಕನ್ನಡಿ. ಒಳಗೆ ಕಾಲಿಟ್ಟ ಕೂಡಲೇ ಏಳೆಂಟು 'ನಾನು'ಗಳು ಕಂಡವು. ಮಾಲೀಕ ಅವಳ ಸೋದರಮಾವ. ನಾನು ಯಾರೆಂದು ಹೇಳಿದೆ.

"ಓಹೋ, ಆ ಮಹಾತಾಯಿ ನೀವೇನಾ?" ಎಂದ. "ಅಕ್ಕ ನನ್ನ ನಂಬಿ ಮಗಳನ್ನ ಇಲ್ಲಿ ಬಿಟ್ಟಿದಾಳೆ. ಆರು ವರ್ಷ ಈ ಕೌಂಟರಲ್ಲಿ ನಿಂತು ಊರೋರ ಮುಖಕ್ಕೆಲ್ಲ ಒಪ್ಪೋ ಫ್ರೇಮ್ ಹುಡುಕಿಕೊಟ್ಳು. ಈಗ ಒಂಬತ್ತು ದಿನದಿಂದ ಹಿಂದಿನ ರೂಮಲ್ಲಿ ಗಾಜು ಉಜ್ತಾ ಕೂತಿದಾಳೆ. ಕನ್ನಡಿ ಇಲ್ದಿರೋ ಜಾಗ ಅದೊಂದೇ."

"ಸಂಶೋಧನೆಗೆ ಅಂತ..."

"ಅಂಗೈ ಹುಣ್ಣಿಗೆ ಕನ್ನಡಿ ಬೇಕೇನ್ರೀ? ಮುಖಕ್ಕೆ ಉಗಿದ್ರೆ ನೋವಾಗುತ್ತೆ ಅಂತ ತಿಳಿಯೋಕೆ ಸಂಶೋಧನೆ ಬೇರೆ ಕೇಡು!"

ತಲೆ ತಗ್ಗಿಸಿಕೊಂಡು ಒಳಗೆ ಹೋದೆ. ಸಾಣೆಯ ಚಕ್ರ ನಿಲ್ಲಿಸಿ, ಒದ್ದೆ ಕೈ ಒರೆಸಿಕೊಂಡು ಅವಳು ನನ್ನ ಹಾಳೆ ಓದಿದಳು. ಕೂತುಕೊಳ್ಳಿ ಎನ್ನಲಿಲ್ಲ.

"ಇದ್ರಲ್ಲಿ 'ನನಗೆ' ಅಂತ ಎಷ್ಟು ಸಲ ಬಂದಿದೆ ನೋಡಿ ಮೇಡಂ. ನನಗೆ ನಿದ್ದೆ ಬರ್ತಿಲ್ಲ, ನನಗೆ ಸಂಕಟ ಆಗಿದೆ... ನಿಮ್ಮ ನಿದ್ದೆ ಕಟ್ಕೊಂಡು ನಾನೇನ್ ಮಾಡ್ಲಿ?"

"ಮತ್ತೇನು ಬರೀಲಿ?"

"ಕದ್ದೆ ಅಂತ ಬರೀರಿ. ಅವಳು ಪ್ರೀತಿಯಿಂದ ಅಂದಿದ್ಲು, ನಾನು ಕೇಳದೇ ಎತ್ಕೊಂಡು ಹೋದೆ ಅಂತ. ಗುಂಪಲ್ಲೇ ಹಾಕಿ. ನಿಮ್ಮ ಹೆಸರು, ನಿಮ್ಮ ಫೋಟೋ. ನಂದು ಎಲ್ರೂ ನೋಡಾಯ್ತು."

"ಕೆಲಸ ಹೋಗುತ್ತೆ," ಎಂದುಬಿಟ್ಟೆ.

"ನನ್ನ ಕೌಂಟರ್ ಹೋಗ್ಲಿಲ್ವಾ?"

ನಿಂತಲ್ಲೇ ನಾಲ್ಕು ಸಾಲು ಟೈಪು ಮಾಡಿದೆ. ಹಿಂದಿನ ಕೋಣೆಯಲ್ಲಿ ಮಬ್ಬು, ಫೋಟೋ ತೆಗೆಯಲು ಮುಂದೆ ಬರಬೇಕಾಯಿತು. ಒಂಬತ್ತು ದಿನಗಳ ಮೇಲೆ ಅವಳು ಕೌಂಟರಿಗೆ ಬಂದದ್ದನ್ನು ಮಾವ ಬಾಯಿ ಬಿಟ್ಟುಕೊಂಡು ನೋಡಿದ. ಅವಳು ನನ್ನ ಫೋನು ತೆಗೆದುಕೊಂಡು ಒಂದೇ ಒಂದು ಸಲ ಒತ್ತಿ ನನಗೆ ತೋರಿಸಿದಳು.

ಟ್ಯೂಬ್‌ಲೈಟಿನ ಬೆಳಕು. ಕಣ್ಣ ಕೆಳಗೆ ಜೋತ ಚೀಲ, ಗದ್ದದ ಕೆಳಗೆ ಇನ್ನೊಂದು ಗದ್ದ, ಒಂದು ಕಣ್ಣು ಇನ್ನೊಂದಕ್ಕಿಂತ ಚಿಕ್ಕದು. ಮುಖ ಬೇರೆ, ಮನುಷ್ಯನ ಬೆಲೆ ಬೇರೆ ಎಂದು ಎಂಟು ವರ್ಷದಿಂದ ವೇದಿಕೆ ಹತ್ತಿ ಪಾಠ ಹೇಳುತ್ತಿರುವವಳು ನಾನು. ನನ್ನ ಬಾಯಿ ನನ್ನನ್ನು ಕೇಳದೆಯೇ ಆಡಿಬಿಟ್ಟಿತು: "ಅಯ್ಯೋ, ಇದು ಬೇಡ. ಇನ್ನೊಂದು ತೆಗಿ. ಆ ಕಡೆ ಬೆಳಕು ಚೆನ್ನಾಗಿದೆ."

ಅವಳು ನನ್ನನ್ನೇ ನೋಡಿದಳು. ನಗಲಿಲ್ಲ.

"ಇದೇ ಇರ್ಲಿ," ಎಂದು ತಾನೇ ಒತ್ತಿ ಗುಂಪಿಗೆ ಕಳಿಸಿದಳು. ಫೋನನ್ನು ನನ್ನ ಕೈಗೆ ತುರುಕಿ ಒಳಗೆ ಹೋದಳು. ಆ ಬಾಗಿಲು ಧಡಾರನೆ ಬಡಿಯಿತು.