ಉಣಿಸಿದ ಕೈ

ಭೋಜ ಊರಿನ ತುಳಸವ್ವನ ಮನೆಯಲ್ಲಿ ಊಟಕ್ಕೆ ಕೂತವರು ತಾಟು ನೋಡುವ ಮೊದಲು ಬಡಿಸಿದವರ ಮುಖ ನೋಡುತ್ತಿದ್ದರು. ಹಿಂದೆ ಅವಳ ಗಂಡ ಹೊಟ್ಟೆನೋವಿನಿಂದ ಬಿದ್ದಾಗ, ಯಾರೋ ಅನ್ನದಲ್ಲಿ ಕೇಡಿನ ಮದ್ದು ಹಾಕಿದ್ದಾರೆಂದು ಭೀಮಸಿಯನ್ನು ಕರೆಸಿದ್ದರು. ಸೊಪ್ಪಿನ ರಸ ಕುಡಿಸಿ, ವಾಂತಿ ಮಾಡಿಸಿ ಮದ್ದು ತೆಗೆಯುವವ ಅವನು. ಗಂಡ ಉಳಿಯಲಿಲ್ಲ, ಸಂಶಯ ಉಳಿಯಿತು. ಸೊಸೆ ನೀಲಮ ಬಂದ ಮೇಲೆ ಅದು ಅವಳ ಬೆನ್ನು ಹತ್ತಿತು. ಒಗ್ಗರಣೆಯ ಸಪ್ಪಳ ನಿಂತರೆ ಸಾಕು, ಅತ್ತೆ ಅಡಿಗೆಮನೆಗೆ ಇಣುಕುತ್ತಿದ್ದಳು; ಬಡಿಸುವ ಮೊದಲು ಸೊಸೆಯೇ ತಿಂದು ತೋರಿಸಬೇಕಿತ್ತು.

ಮಗ ಸಂಗ್ರಾಮ ತಂಬಾಕಿನ ಚೀಲ ಹೊರುವ ಹಮಾಲ. ಸೊಂಟನೋವಿಗೆ ದಿನಾ ಅಂಗಡಿಯ ಗುಳಿಗೆ ನುಂಗುತ್ತಿದ್ದ. ತಾನು ಕೊಡುವುದನ್ನು ಅತ್ತೆ ಕಂಡರೆ ಏನೆನ್ನುತ್ತಾಳೋ ಎಂದು ನೀಲಮ ಅದನ್ನು ಸೆರಗಿನ ಮರೆಯಲ್ಲಿ ಕೊಡುತ್ತಿದ್ದಳು.

ಒಂದು ಮುಂಜಾನೆ ಅವನು ಹೊಟ್ಟೆ ಹಿಡಿದು ಕುಸಿದ. ಅತ್ತೆ ಭೀಮಸಿಗೆ ಹೇಳಿಕಳಿಸಿದಳು. ನೀಲಮ ಹಿತ್ತಲಿಗೆ ಹೋಗಿ ನೂರಾ ಎಂಟಕ್ಕೆ ಫೋನ್ ಮಾಡಿದಳು.

ಅಂಬುಲೆನ್ಸಿನ ಆಸಿಫ ಒಳಗೆ ಬಂದಾಗ ಭೀಮಸಿ ಆಗತಾನೆ ರಸ ಅರೆದು ಮುಗಿಸಿದ್ದ. ಆಸಿಫ ನಾಡಿ ಹಿಡಿದ, ಬಿ.ಪಿ. ನೋಡಿದ, ಅಂಗೈಯನ್ನು ಮೆಲ್ಲಗೆ ಹೊಟ್ಟೆಯ ಮೇಲಿಟ್ಟ. ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಸಂಗ್ರಾಮ ಮೊಣಕಾಲು ಮಡಚಿ, ಅಲುಗಿದರೆ ಜೀವ ಹೋದೀತೆಂಬಂತೆ ಮಲಗಿದ್ದ.

“ಏನ್ ತಿಂದಿದ್ರು ಇವರು? ಗುಳಿಗಿ ಏನರ ತಗೋತಿದ್ರೇನ್ರಿ?”

ಆಸಿಫ ಎಲ್ಲ ಮನೆಗಳಲ್ಲೂ ಕೇಳುವ ಮಾತು ಅದು. ಇಲ್ಲಿ ಮಾತ್ರ ಎಲ್ಲರೂ ನೀಲಮಳತ್ತ ತಿರುಗಿದರು. ಏನೂ ಇಲ್ಲ ಎಂದಳು ಅವಳು.

“ಹಾಕಿದಾಕಿ ಹೇಳತಾಳೇನ?” ಎಂದಳು ತುಳಸವ್ವ. “ಭೀಮಸಿ, ಕುಡಿಸಪಾ. ಹೊರಗ ಬೀಳಲಿ.”

ಆಸಿಫ ಬಟ್ಟಲಿಗೆ ಕೈ ಅಡ್ಡ ಹಿಡಿದ. ಒಳಗೆ ತೂತು ಬಿದ್ದಿರಬಹುದು, ಗುಟುಕು ನೀರೂ ಕೂಡದು, ಕಾರಣ ತಿಳಿದರೆ ಆಸ್ಪತ್ರೆಯವರು ಆಪರೇಷನ್ನಿಗೆ ಸಿದ್ಧರಿರುತ್ತಾರೆ ಎಂದ. ತುಳಸವ್ವ ಹೋಗಿ ಹೊಸ್ತಿಲ ಮೇಲೆ ಅಡ್ಡ ಕೂತಳು.

ನೀಲಮ ಗಂಡನ ಬಿಳಿಚಿದ ತುಟಿ ನೋಡಿದಳು.

“ನಾನ ಕೊಟ್ಟೀನ್ರಿ. ಸೊಂಟನೋವಿನ ಗುಳಿಗಿ. ಖಾಲಿ ಹೊಟ್ಟಿಲೆ, ದಿನಾ.”

ಭೀಮಸಿ ನಕ್ಕ. “ಕೇಳಿದಿ ತುಳಸವ್ವ? ತಾನ ಒಪ್ಕೊಂಡ್ಳು.”

ನೀಲಮ ಸ್ಟ್ರೆಚರಿನ ಒಂದು ತುದಿ ಹಿಡಿದು ಹೊಸ್ತಿಲಿಗೆ ಬಂದಳು. “ಮಾವಗೂ ಇದ ರಸ ಕುಡಿಸಿದ್ರಲ್ಲರಿ ಅತ್ತಿ. ಉಳದ್ರೇನು?”

ತುಳಸವ್ವ ಕಾಲು ಮಡಚಿಕೊಂಡು ದಾರಿ ಬಿಟ್ಟಳು.

ಆಸ್ಪತ್ರೆಯಲ್ಲಿ, ಗುಳಿಗೆಯಿಂದ ಹೊಟ್ಟೆಯೊಳಗೆ ಬಿದ್ದಿದ್ದ ತೂತು ಹೊಲಿದರು, ಸಂಗ್ರಾಮ ಉಳಿದ. ಗಂಜಿ ಕೊಡಬಹುದೆಂದು ಡಾಕ್ಟರು ಹೇಳಿದ ದಿನ ನೀಲಮ ಚಮಚ ಎತ್ತಿದಳು. ಮಂಚದ ಆಚೆಯಿಂದ ಅತ್ತೆ ಅಂದಳು: “ಮೊದಲ ನೀ ಒಂದ ಗುಟುಕು ಕುಡಿ.”

“ಇಲ್ರಿ,” ಎಂದಳು ನೀಲಮ. “ಇನ್ನ ನಾ ಕುಡದು ತೋರ್ಸೂದಿಲ್ಲ.”

ಸಂಗ್ರಾಮ ಚಮಚಕ್ಕೆ ಬಾಯಿ ತೆರೆದ.