ಒಂದು ಲೋಟ ಮೈದಾ ಎಷ್ಟು ಗ್ರಾಂ

ಬೇಕರಿಯ ಯಜಮಾನರು ಇನ್ನೊಂದು ಅಂಗಡಿ ತೆರೆಯುವವರಿದ್ದರು. ಅಲ್ಲಿಗೂ ನಮ್ಮ ದೊಡ್ಡಮ್ಮನ ಕೇಕೇ ಬೇಕಿತ್ತು. ಆದರೆ ಮೂವತ್ತು ವರ್ಷದಿಂದ ಅವಳ ಅಳತೆಯೆಲ್ಲ ಒಂದು ಸ್ಟೀಲ್ ಲೋಟದಲ್ಲಿ. ಅದನ್ನು ಗ್ರಾಂ ಲೆಕ್ಕಕ್ಕೆ ತಂದು ಹಾಳೆಯಲ್ಲಿ ಬರೆದುಕೊಡುವ ಕೆಲಸ ಅಲ್ಲೇ ಅವಳ ಕೈಕೆಳಗಿದ್ದ ನನ್ನ ಪಾಲಿಗೆ ಬಂತು. ಹಾಳೆ ಸರಿಹೋದರೆ ದೊಡ್ಡಮ್ಮ ಎರಡೂ ಅಂಗಡಿಗಳ ಮೇಲ್ವಿಚಾರಕಿ. ಕೂತು ಮಾಡುವ ಕೆಲಸ. ಅವಳಿಗೆ ಅದು ಬೇಕೇ ಬೇಕಿತ್ತು. ಬಲಗೈ ನಡುಗಲು ಶುರುವಾಗಿ ಐದು ತಿಂಗಳಾಗಿತ್ತು. ಯಜಮಾನರು ಒಳಗೆ ಬಂದಾಗಲೆಲ್ಲ ಆ ಕೈಯನ್ನು ಹಿಟ್ಟಿನ ಪಾತ್ರೆಯೊಳಗೆ ಹೂತಿಟ್ಟುಕೊಳ್ಳುತ್ತಿದ್ದಳು.

ಮೊದಲ ಲೋಟ ನೂರಮೂವತ್ತೆರಡು ಗ್ರಾಂ ಬಂತು.

"ಇನ್ನೊಂದ್ಸಲ, ದೊಡ್ಡಮ್ಮ." ಮೂರು ಸಲ ಅಳೆದು ಸರಾಸರಿ ತೆಗೆಯಬೇಕೆಂದು ನಾನು ಹೋಗುತ್ತಿದ್ದ ಸಂಜೆ ಕ್ಲಾಸಿನಲ್ಲಿ ಕಲಿಸಿದ್ದರು.

"ನಿಮ್ಮ ದೊಡ್ಡಪ್ಪನ್ನ ಒಪ್ಕೊಳೋಕೂ ನಾನು ಇಷ್ಟು ಸಲ ನೋಡಿರ್ಲಿಲ್ಲ ಕಣೇ."

ನೂರನಲವತ್ತೆರಡು. ಆಮೇಲೆ ನೂರೈವತ್ತೈದು. ಲೋಟ ನಡುಗಿದಂತೆಲ್ಲ ಹಿಟ್ಟು ತಳಕ್ಕೆ ಕೂರುತ್ತಿತ್ತು. ಮೇಲೆ ಜಾಗ ಕಂಡು ಅವಳು ಮತ್ತಷ್ಟು ತುಂಬುತ್ತಿದ್ದಳು. ಅವಳ ಕೇಕು ಕೆಡದಿದ್ದದ್ದು ಯಾಕೆಂದು ಆಗ ಹೊಳೆಯಿತು: ಹಿಟ್ಟು ಗಟ್ಟಿಯೆನಿಸಿದರೆ ಅವಳು ಬೆರಳಲ್ಲೇ ತಿಳಿದು ಹಾಲು ಸೇರಿಸುತ್ತಿದ್ದಳು.

"ಎಷ್ಟು ಬಂತೇ?"

"ಹೆಚ್ಚೂಕಡಿಮೆ ಅಷ್ಟೇ," ಎಂದೆ. ಅವಳ ಮುಖ ನೋಡಿ ಬೇರೇನೂ ಹೇಳಲಾಗಲಿಲ್ಲ. ಹಾಳೆಯಲ್ಲಿ ನೂರನಲವತ್ತಮೂರು ಎಂದು ಬರೆದೆ. ಬರೆದ ಮೇಲೂ ನಾಲ್ಕು ಸಲ ಕೂಡಿ ನೋಡಿದೆ. ಕೂಡಿದ್ದು ಸರಿಯಾಗಿಯೇ ಇತ್ತು.

ಹೊಸ ಅಂಗಡಿಯ ಕೆಲಸದವರು ಹಾಳೆಯಲ್ಲಿದ್ದಂತೆಯೇ ಮಾಡಿದರು. ಕೇಕಿನ ನೆತ್ತಿ ಬಿರಿದಿತ್ತು, ಒಳಗೆಲ್ಲ ಒಣಗಿತ್ತು. ಯಜಮಾನರು ಒಂದು ತುಂಡು ಬಾಯಿಗಿಟ್ಟು, "ಇದಕ್ಕೆ ಹಲ್ಲು ಸಾಲ್ದು, ಉಳಿ ಬೇಕು," ಎಂದರು. ತೂಕದ ಯಂತ್ರವನ್ನು ಮೇಜಿನ ಮೇಲೆ ತಂದಿಟ್ಟರು. "ದೊಡ್ಡಮ್ಮಾ, ನನ್ನೆದುರಿಗೆ ಒಂದು ಲೋಟ ಅಳೀರಿ."

"ತಪ್ಪು ನಂದು ಸರ್," ಎಂದೆ. "ಈಗ ನಾನೇ ಅಳೀತೀನಿ."

"ನೀನು ಅಳೆದ್ರೆ ನಿನ್ನ ಕೇಕ್ ಬರತ್ತೆ. ನಂಗೆ ಅವರ್ದು ಬೇಕು."

ದೊಡ್ಡಮ್ಮ ಲೋಟ ಎತ್ತಿಕೊಂಡಳು. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದರೂ ಹಿಟ್ಟು ಮೇಜಿನ ಮೇಲೆಲ್ಲ ಚೆಲ್ಲಿತು. ನೂರ ಅರವತ್ತೆಂಟು.

ಯಜಮಾನರು ಅಂಕಿ ನೋಡಲಿಲ್ಲ, ಕೈ ನೋಡಿದರು.

"ಎಷ್ಟು ದಿನದಿಂದ?"

ಅವಳು ನನ್ನ ಕಡೆ ತಿರುಗಿದಳು. "ಅವತ್ತೂ ಹೀಗೇ ಏರ್ತಾ ಹೋಗಿತ್ತಾ?"

ನಾನು ಹೌದೆಂದು ತಲೆಯಾಡಿಸಿದೆ.

"ಹೇಳ್ಬಾರ್ದಿತ್ತೇನೇ? ಹಾಲು ಜಾಸ್ತಿ ಬರೆಸ್ತಿದ್ದೆ."

ಯಜಮಾನರು ಕೆಟ್ಟವರಲ್ಲ. ದನಿ ಏರಿಸಲೂ ಇಲ್ಲ. ಸೋಮವಾರದಿಂದ ಎರಡೂ ಅಂಗಡಿಗೆ ರೆಡಿಮಿಕ್ಸ್ ಚೀಲ ಬರುತ್ತದೆ, ನೀರು ಬೆರೆಸಿದರೆ ಸಾಕು, ಮೇಲ್ವಿಚಾರಣೆಗೆ ಯಾರೂ ಬೇಕಾಗುವುದಿಲ್ಲ, ನೀವು ಮನೆಯಲ್ಲಿ ವಿಶ್ರಾಂತಿ ತಗೊಳ್ಳಿ ಎಂದರು.

ಬಸ್ ಸ್ಟಾಪಿನಲ್ಲಿ ದೊಡ್ಡಮ್ಮ ಕೈಗಂಟಿದ್ದ ಹಿಟ್ಟು ಒರೆಸಿಕೊಂಡಳು. ಆಮೇಲೆ ಕೇಳಿದಳು:

"ಕೈ ನೆಟ್ಟಗಿದ್ದಾಗ ಎಷ್ಟಿತ್ತೇ, ನನ್ನ ಲೋಟ? ನೂರಿಪ್ಪತ್ತಾ?"

"ಇರಬಹುದು," ಎಂದೆ.

ಆಗ ಯಾರೂ ತೂಗಿರಲಿಲ್ಲ.