ಬಾಗಿಲ ಮೇಲಿನ ಬೆಕ್ಕು

ಆ ಬೇಸಿಗೆಯಲ್ಲಿ ನನ್ನ ತಮ್ಮ ತೇಸಿಕ್‌ಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅನ್ನದ ಬಟ್ಟಲು ಮುಂದಿಟ್ಟರೆ ಎರಡು ತುತ್ತು ತಿಂದು ಎದ್ದು ಬಿಡುತ್ತಿದ್ದ. ಬಾಗಿಲ ತನಕ ಹೋಗುವುದು, ವಾಪಸ್ ಬರುವುದು, ಮತ್ತೆ ಕೈ ತೊಳೆಯುವುದು. ತೊಳೆದು ತೊಳೆದು ಬೆರಳ ಸಂದಿಯ ಚರ್ಮ ಸುಲಿದಿತ್ತು. ಜುಟ್ಟು ಕತ್ತರಿಸಿಕೊಂಡು ಹೊಸ ವೈದ್ಯ ಕಲಿತವರು ಆಗ ಸೋಲ್ ನಗರದಲ್ಲಿ ಬೆರಳೆಣಿಕೆಯಷ್ಟು. ಅವರಲ್ಲಿ ಇವನೊಬ್ಬ. ಕೋಟೆಯ ಪಶ್ಚಿಮ ಬಾಗಿಲ ಹೊರಗಿನ ಕೇರಿಯನ್ನು ಸರ್ಕಾರ ಇವನಿಗೆ ಒಪ್ಪಿಸಿತ್ತು. ಕಾಲರಾ ಬಂದವರನ್ನು ಹುಡುಕಿ ತೆಗೆಯಬೇಕು, ಉಳಿದವರನ್ನು ಉಳಿಸಬೇಕು. ಆದರೆ ಹುಡುಕಿದರೂ ಒಬ್ಬರೂ ಸಿಗುತ್ತಿರಲಿಲ್ಲ. ಸಿಕ್ಕರೆ ಊರಾಚೆಯ ಡೇರೆಗೆ ಒಯ್ಯುತ್ತಾರೆ, ಅಲ್ಲಿಂದ ಹೆಣವಾಗಿಯೇ ಹೊರಬರಬೇಕು ಎಂದು ಜನ ರೋಗಿಗಳನ್ನು ಬಚ್ಚಿಡುತ್ತಿದ್ದರು. ಅದೇನೂ ಸುಳ್ಳಲ್ಲ ಬಿಡಿ.

ನಮ್ಮ ಮಾತಿನಲ್ಲಿ ಇಲಿಯೂ ಜ್ವಿ, ಮೀನಖಂಡ ಹಿಡಿದು ಸೆಳೆಯುವುದೂ ಜ್ವಿ. ಕಾಲರಾ ಬಂದವರ ಕಾಲು ಸೆಳೆಯುತ್ತದಲ್ಲ, ಅದು ಇಲಿಯ ದೆವ್ವ ಪಾದದಿಂದ ಹೊಕ್ಕು ಹೊಟ್ಟೆಗೆ ಏರುವುದು ಎಂದು ನಂಬಿಕೆ. ಮನೆಯಲ್ಲಿ ಯಾರಿಗಾದರೂ ಕಾಲು ಸೆಳೆದ ಕೂಡಲೇ ಬಾಗಿಲಿಗೆ ಬೆಕ್ಕಿನ ಚಿತ್ರ ಅಂಟಿಸುತ್ತಾರೆ. ಅದನ್ನು ಕಂಡರೆ ತಮ್ಮನಿಗೆ ಮೈಯೆಲ್ಲ ಉರಿ. ಕಂಡಕಂಡಲ್ಲಿ ಹರಿದು ಚರಂಡಿಗೆ ಎಸೆಯುತ್ತಿದ್ದ.

ಒಂದು ದಿನ ನಾನು ಬಾವಿಯಿಂದ ನೀರು ತರುವಾಗ, ಗೊಪ್ತಾನ್ ಎಂಬ ಹುಡುಗಿಯ ಅಮ್ಮ, ತೋಫು ಮಾರುವವಳು, ಅವಳ ಮನೆ ಮುಂದೆ ತಮ್ಮನ ದನಿ ಕೇಳಿಸಿತು.

"ಮನೇಲಿ ಯಾರಿಗಾದ್ರೂ ಜ್ವಿ ಬಂದಿದ್ಯಾ?"

"ಅಕ್ಕಿ ಇದ್ರೆ ತಾನೇ ಡಾಕ್ಟ್ರೇ ಇಲಿ ಬರೋದು?"

"ತಮಾಷೆ ಬೇಡ. ಮಗಳೆಲ್ಲಿ?"

"ಅಜ್ಜಿ ಮನೇಲಿ."

ತಮ್ಮ ಬಾಗಿಲಿನ ಬೆಕ್ಕನ್ನು ಪರ್ ಎಂದು ಹರಿದ. "ಕಾಗದದ ಬೆಕ್ಕು ಏನ್ ಹಿಡಿಯತ್ತೆ? ನೀರು ಕುದಿಸಿ ಕುಡೀರಿ!"

"ಜುಟ್ಟಿನ ಜೊತೆ ಬುದ್ಧೀನೂ ಕತ್ತರಿಸ್ಕೊಂಡ್ರಾ?" ಎಂದು ಅವಳು ತೋಫು ಹಿಂಡಿದ ನೀರನ್ನು ಅವನ ಕಾಲ ಮೇಲೆ ಸುರಿದು ಬಾಗಿಲು ಹಾಕಿಕೊಂಡಳು. ನನಗೆ ನಗು ಬಂತು, ಪಾಪ ಅಂತಲೂ ಅನ್ನಿಸಿತು.

ಕುದಿಸಿದ ನೀರು ಆರುವ ತನಕ ಕಾಯುವ ತಾಳ್ಮೆ ನನಗೂ ಇಲ್ಲ. ಬಿಂದಿಗೆ ಇಳಿಸಿದವಳೇ ಒಂದು ಸೋರೆಬುರುಡೆ ತುಂಬ ಕುಡಿದೆ. ಮಾರನೆಯ ಮಧ್ಯಾಹ್ನ ಭೇದಿ ಶುರುವಾಯಿತು, ಆಮೇಲೆ ಕಾಲು ಸೆಳೆಯಿತು. ಕಣ್ಣಿಗೆ ಕಾಣದ ಹುಳುಗಳ ಕಥೆಯನ್ನು ತಮ್ಮನ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಸಾಯುವ ಭಯ ಹತ್ತಿದಾಗ ಅದೊಂದೂ ನೆನಪಾಗಲಿಲ್ಲ. ತೆವಳಿಕೊಂಡು ಹೋಗಿ ಒಲೆಯ ಮಸಿಯಿಂದ ಕಾಗದದ ಮೇಲೆ ಬೆಕ್ಕು ಬರೆದು ಗಂಜಿ ಹಚ್ಚಿ ಬಾಗಿಲಿಗೆ ಅಂಟಿಸಿದೆ. ತಮ್ಮನಿಗೆ ಹೇಳಿದರೆ ಕಾನೂನು ಎಂದು ನನ್ನನ್ನೂ ಡೇರೆಗೆ ಕಳಿಸಿಯಾನು ಎಂದು ಹೆದರಿ, ಹೊದ್ದು ಮಲಗಿದೆ.

ಸಂಜೆ ಅವನ ಬೂಟಿನ ಸದ್ದು ಬಾಗಿಲಲ್ಲಿ ನಿಂತಿತು. ಕಾಗದ ಹರಿಯುವ ಸದ್ದಿಗೆ ಕಾದೆ. ಬರಲಿಲ್ಲ.

"ಅಕ್ಕಾ, ಯಾವಾಗಿಂದ?"

"ಏನು ಯಾವಾಗಿಂದ?"

"ಬಾಗಿಲಲ್ಲಿ ಬರೆದಿದೀಯಲ್ಲ." ಪಕ್ಕದಲ್ಲಿ ಕುಸಿದು ಕೂತು ನನ್ನ ಕಾಲು ತಿಕ್ಕತೊಡಗಿದ. ಒಮ್ಮೆಗೇ ಕೈ ನಿಂತಿತು. "ಎಲ್ರೂ ಬರೆದಿದ್ರು ಅಕ್ಕ. ಯಾವ ಮನೇಲಿ ಕಾಯಿಲೆ ಇದೆ ಅಂತ ಬಾಗಿಲಲ್ಲೇ ಹೇಳಿದ್ರು. ನಾನು ಅದನ್ನ ಹರಿದು ಬಿಸಾಕಿ, ಆಮೇಲೆ ಯಾರಿಗೆ ಕಾಯಿಲೆ ಅಂತ ಊರೆಲ್ಲ ಕೇಳ್ತಿದ್ದೆ." ಅವನು ಅತ್ತ. ನನ್ನ ತಮ್ಮ ಅತ್ತಿದ್ದನ್ನು ಅಪ್ಪ ಸತ್ತಾಗಲೂ ನಾನು ನೋಡಿರಲಿಲ್ಲ.

"ಡೇರೆಗೆ ಕಳಿಸ್ತೀಯಾ?"

"ಬಾಯಿ ಮುಚ್ಕೊಂಡು ಕುಡಿ. ಅದೇನು ಬೆಕ್ಕಾ? ಹಂದಿ ಥರ ಇದೆ."

ಉಪ್ಪು ಹಾಕಿ ಕುದಿಸಿದ ಬಾರ್ಲಿ ನೀರನ್ನು ಚಮಚ ಚಮಚವಾಗಿ ಕುಡಿಸಿದ. ಆ ಬೇಸಿಗೆಯಲ್ಲಿ ಅವನು ಒಂದೇ ಕಡೆ ಅಷ್ಟು ಹೊತ್ತು ಕೂತಿದ್ದು ಅದೇ ಮೊದಲು. ಬೆಳಗಾಗುವಷ್ಟರಲ್ಲಿ ನನ್ನ ಸೆಳೆತ ಇಳಿಯಿತು, ಅವನ ಚಡಪಡಿಕೆ ಮತ್ತೆ ಹತ್ತಿತು.

"ಆ ತೋಫು ಅಮ್ಮನ ಮಗಳು ಗೊಪ್ತಾನ್, ಅಜ್ಜಿ ಮನೆಗೆ ಹೋಗೇ ಇಲ್ಲ ಅಕ್ಕ. ಒಳಗೇ ಇದಾಳೆ. ಆ ಬೆಕ್ಕು ಅವಳಿಗೇ ಹಾಕಿದ್ದು," ಎಂದ.

"ನಿನಗೆ ಅವಳು ಬಾಗಿಲು ತೆಗೆಯಲ್ಲ. ನನ್ನನ್ನ ಹೊತ್ಕೊಂಡು ಹೋಗು."

ನನ್ನನ್ನು ಬೆನ್ನಿಗೆ ಕಟ್ಟಿಕೊಂಡು, ಕೈಯಲ್ಲಿ ಬಾರ್ಲಿ ನೀರಿನ ಕೆಟಲ್ ಹಿಡಿದು ಬೀದಿಯುದ್ದಕ್ಕೂ ಓಡಿದ. ನೋಡಿದವರು ನಕ್ಕರು. ತೋಫು ಮನೆಯ ಬಾಗಿಲಲ್ಲಿ ಹರಿದ ಕಾಗದದ ಅಂಚು ಇನ್ನೂ ಅಂಟಿಕೊಂಡಿತ್ತು.

"ಡೇರೆಗೆ ಒಯ್ಯಲ್ಲಮ್ಮ. ನೀರು ಕುಡಿಸ್ತೀನಿ, ಅಷ್ಟೇ," ಎಂದು ತಮ್ಮ ಬಾಗಿಲು ಬಡಿದ.

"ಬೆಕ್ಕು ಹರಿದವರಿಗೆ ನಮ್ಮನೇಲಿ ಏನು ಕೆಲ್ಸ? ಹೋಗ್ರೀ!"

ನಾನು ಅವನ ಬೆನ್ನಿನಿಂದ ಇಳಿದು ಹೊಸ್ತಿಲಿಗೆ ಒರಗಿದೆ. "ಗೊಪ್ತಾನ್ ಅಮ್ಮಾ, ನಾನು, ಡಾಕ್ಟ್ರ ಅಕ್ಕ. ನಂಗೂ ನಿನ್ನೆ ಜ್ವಿ ಬಂತು. ಬದುಕಿದೀನಿ ನೋಡು."

ಒಳಗಿನಿಂದ ಹೆಜ್ಜೆ ಸದ್ದು ಹತ್ತಿರ ಬಂತು. ಆಮೇಲೆ ಬಾಗಿಲ ಹತ್ತಿರವೇ ಅವಳ ದನಿ ಕೇಳಿತು.

"ಬೆಕ್ಕು ಹಾಕಿದ್ಯಾ?"

"ಹಾಕಿದ್ದೆ."

"ಇವರು ಅದನ್ನೂ ಹರಿದ್ರಾ?"

"ಇಲ್ಲ ಕಣೇ. ಹರೀಲಿಲ್ಲ. ಈಗ್ಲೂ ಬಾಗಿಲಲ್ಲಿದೆ."

ಚಿಲಕ ಸರಿಯಿತು. ಅವಳು ನನ್ನನ್ನು ನೋಡಲಿಲ್ಲ, ತಮ್ಮನ ತೋಳು ಹಿಡಿದು ಒಳಗೆಳೆದಳು.

"ಬೇಗ ಬನ್ನಿ. ಇನ್ನೂ ಉಸಿರಿದೆ."